ಹದ ಇಳಿಸದ ಬಾಚಿ

11-10-1964

ಎರಡು ಉಳಿಗೆ ಹಿಡಿ ಹಾಕಿದೆ. ಜಾಲಿಯದು. ಗರಗಸದ ಹಲ್ಲು ಅರ್ಧಕ್ಕೇ ನಿಂತಿದೆ, ಹಲ್ಲು ಮಸೆಯೋ ಫೈಲು ಸವೆದುಹೋಗಿದೆ. ಹುಣಸೆ ನೀರಲ್ಲಿ ನೆನೆಹಾಕಿದ್ದ, ಮರ ನಯ ಮಾಡೋ ಕೀಸುಳಿ ಅಲಗು ತೆಗೆದು ಇಟ್ಟಿಗೆ ಪುಡೀಲಿ ಉಜ್ಜಿದೆ. ತುಕ್ಕು ಬಿಟ್ಟಿತು, ಕೆಳಗೆ ಗುಳಿ ಬಿದ್ದಿದೆ. ಗಿರಾಕಿ ಕೇಳಿದರೆ ಏನನ್ನೋದು...

ಕೌದಳ್ಳಿ ಸಂತೇಲಿ ತಂದ ಬಾಚಿ ಒಳ್ಳೆ ಹಳೇ ಉಕ್ಕು. ಮರ ಕೆತ್ತೋದನ್ನ ಯಾರೋ ಒಲೆ ಕೆಂಡ ಎಳೆಯೋಕೆ ಇಟ್ಕೊಂಡಿದ್ದಾರೆ. ಹದ ಪೂರಾ ಸತ್ತಿದೆ. ಬಾಯಿ ಸೀಸದಂಗೆ ಮಡಚುತ್ತೆ. ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿ ಮತ್ತೆ ನೀರು ಕುಡಿಸಬೇಕು.

ಅಣ್ಣ ಕೆಂಪನಂಜಪ್ಪ ಹೊಲಕ್ಕೆ ಹೋಗೋನು ಕೊಟ್ಟಿಗೆ ಬಾಗಿಲಲ್ಲಿ ನಿಂತ. "ಲೇ ರುದ್ರಾ, ಎದೆ ಮ್ಯಾಲೆ ಲಿಂಗದ ಕರಡಿಗೆ, ಮುಂದ್ಗಡೆ ಕುಲುಮೆ. ಚೆಂದ ಕಣ್ಲಾ. ಸಂಕ್ರಾಂತಿಗೆ ಈ ಕೊಟ್ಗೆಗೆ ಒಸ ಎತ್ತು ಬತ್ತವೆ. ಅಷ್ಟ್ರೊಳಗೆ ಅಳೇ ಸಾಮಾನು ರಿಪೇರಿ ಮಾಡಿ ಮಾರೋ ಈ ಕಸುಬು ಕಾಲೂರಿ ನಿಲ್ತೂ ಅಂದ್ರೆ ಸರಿ. ಇಲ್ಲಾಂದ್ರೆ ನಿನ್ ಗುಜರಿ ಬೀದಿಗೆ."

ನಿಲ್ಲುತ್ತೆ ಅಂದೆ.

13-10-1964, ಸಂಜೆ

ಬಾಚಿಗೆ ನೀರು ಕುಡಿಸಿದೆ. ಹೊಸ ಫೈಲು ಇಟ್ಟರೂ ಜಾರುತ್ತೆ, ಕಚ್ಚಲ್ಲ. ಗಡಸು ಬಂದಿದೆ. ಆದರೆ ಇದು ಅರ್ಧ ಕೆಲಸ. ಬರೀ ನೀರು ಕುಡಿದ ಉಕ್ಕು ಗಾಜು ಇದ್ದಂಗೆ — ಮರದ ಗಂಟಿಗೆ ತಗುಲಿದರೆ ಚೂರು ಸಿಡಿದು ಕೆತ್ತೋನ ಕಣ್ಣಿಗೇ ಬೀಳುತ್ತೆ. ಸಣ್ಣ ಬೆಂಕಿ ತೋರಿಸಿ, ಬಾಯಿ ತುಪ್ಪದ ಬಣ್ಣಕ್ಕೆ ತಿರುಗೋವರೆಗೆ ಕಾದು, ಹದ ಇಳಿಸಬೇಕು. ಬೆಳಕು ಹೋಗಿತ್ತು. ಬಣ್ಣ ಕಾಣದೆ ಮಾಡೋಕಾಗಲ್ಲ. ಬೆಳಿಗ್ಗೆ, ಪೂಜೆಗೆ ಮೊದಲು.

14-10-1964, ಆಯುಧಪೂಜೆ

ನಾನು ಬಾವಿಯಿಂದ ಬರೋ ಹೊತ್ತಿಗೆ ಪುಟ್ಟಮಲ್ಲಮ್ಮ ಎಲ್ಲಾ ಹಲಗೆ ಮೇಲೆ ಜೋಡಿಸಿ ಆಗಿತ್ತು. ವಿಭೂತಿ, ಕುಂಕುಮ, ಚೆಂಡು ಹೂವು. ಬಾಚಿಗೂ.

"ಇದೊಂದು ಎತ್ಕೋತೀನಿ ಕಣೆ, ಕೆಲಸ ಬಾಕಿ ಇದೆ."

"ಕುಂಕುಮ ಇಟ್ಮೇಲೆ ಎತ್ತಾರಾ? ನಾಳೆ ಮಾಡ್ಕಳಿ. ಒಂದಿನುಕ್ಕೆ ಕಬ್ಬುಣ ಕಾಲ್ ಬಂದು ಓಡೋದದಾ?"

ಹೆಂಡತಿ ಹತ್ತಿರ ಹಬ್ಬದ ದಿನ ಯಾಕೆ ಜಗಳ ಅಂತ ಬಿಟ್ಟೆ.

15-10-1964

ಓಡಿಹೋಗಿದೆ.

ಅಣ್ಣನ ಜೊತೆ ಬನ್ನಿ ಮರಕ್ಕೆ ಹೋಗಿ ಬರೋದರೊಳಗೆ ಕಾಮಗೆರೆಯ ಸಿದ್ದಾಚಾರಿ, ಬಾಗಿಲು ಕಿಟಕಿ ಕೆಲಸದವನು, ಬಂದಿದ್ದಾನೆ. ವಿಜಯದಶಮಿ ದಿನ ಹೊಸ ಕೆಲಸಕ್ಕೆ ಮೊದಲ ಏಟು ಹಾಕಬೇಕು, ಬಾಚಿ ಬೇಕು ಅಂದನಂತೆ. ಇವಳು ದುಡ್ಡು ಈಸ್ಕೊಂಡು ಹಲಗೆಯಿಂದ ಎತ್ತಿ ಕೊಟ್ಟಿದ್ದಾಳೆ.

"ಪೂಜೆ ಆಗದೆ ಅಂದ್ರೆ ರೆಡಿ ಆಗದೆ ಅಂತ ಅಲ್ವಾ? ಓದೊರ್ಷ ಅರೆಕೆಲಸದ್ದು ಒಂದಾದ್ರೂ ಇಟ್ಟಿದ್ರಾ ಅಲಗೆ ಮ್ಯಾಲೆ?"

ಇಟ್ಟಿರಲಿಲ್ಲ. ಎಂದೂ ಇಟ್ಟಿಲ್ಲ.

"ಆಚಾರಿ ಕಣ್ಗೊತ್ಕಂಡು ತಕ್ಕಂಡೋದ್ರು" ಅಂದಳು. ಕಣ್ಣಿಗೇ! ಕೊನೇ ಬಸ್ಸು ಹೋಗಿಬಿಟ್ಟಿತ್ತು.

16-10-1964

ಮೊದಲ ಬಸ್ಸಿಗೆ ಕಾಮಗೆರೆ. ಸಿದ್ದಾಚಾರಿ ಹೊನ್ನೆ ದಿಮ್ಮಿ ಮುಂದೆ ಕೂತಿದ್ದ, ಯಾರದೋ ಹೊಸ ಮನೆ ಹೊಸ್ತಿಲು. ಏಟಿಗೊಂದು ಚಕ್ಕೆ, ಹಪ್ಪಳದಂಗೆ ಏಳ್ತಿತ್ತು.

"ಏನ್ ಬಾಚಿ ಸಾಮಿ ಇದು! ಬೆಣ್ಣೆ ಕುಯ್ದಂಗೆ ಕುಯ್ತದೆ!"

ವಾಪಸ್ ಕೊಡಿ, ಹದ ಇಳಿಸಿಲ್ಲ, ಸಿಡಿಯುತ್ತೆ, ಕಣ್ಣು ಹೋಗುತ್ತೆ ಅಂದೆ. ನಕ್ಕ.

"ಒಳ್ಳೆ ಮಾಲು ಕೈ ಬಿಡ್ತು ಅಂತ ಒಟ್ಟೆ ಉರೀತಾ? ಅನೂರ್ ಕಡೆ ಜಾಸ್ತಿ ಕೊಡೋ ಗಿರಾಕಿ ಸಿಕ್ಕುದ್ರಾ?"

ಲಿಂಗ ಮುಟ್ಟಿ ಹೇಳಿದೆ. ಆಗ ಗಂಭೀರ ಆದ. ಆದರೂ ಕೊಡಲಿಲ್ಲ. ಹೊಸ್ತಿಲಿಗೆ ಯಾವ ಬಾಚೀಲಿ ಮೊದಲ ಏಟು ಬಿತ್ತೋ ಅದರಲ್ಲೇ ಮುಗೀಬೇಕಂತೆ. ನಡುವೆ ಬಾಚಿ ಬದಲಾಯಿಸಿದರೆ ಆ ಮನೆ ಯಜಮಾನನಿಗೆ ಆಗಿಬರಲ್ಲ. ಅವರ ತಾತನ ಕಾಲದ ಪದ್ಧತಿ. "ಒಸ್ಲು ಕೂತ ದಿವ್ಸ ನಿಮ್ ಬಾಚಿ ನಿಮ್ಗೆ" ಅಂದ.

ದಿಮ್ಮಿ ಸುತ್ತ ಬಂದು ನೋಡಿದೆ. ಎಡತುದೀಲಿ ಒಂದು ಗಂಟು. ಮುಷ್ಟಿ ಗಾತ್ರ. ಕರ್ರಗೆ. ಏಟು ಆ ಕಡೆಗೆ ಇನ್ನೂ ಬಂದಿಲ್ಲ.

19-10-1964

ಮತ್ತೆ ಹೋದೆ. ಗಂಟಿನ ಹತ್ತಿರ ಉಳಿ ಹಾಕಿ, ಮೊಖ ಪಕ್ಕಕ್ಕಿಟ್ಕೊಂಡು ಹೊಡೀರಿ ಅಂದೆ. ಸಿದ್ದಾಚಾರಿ ಟವಲು ತಗೊಂಡು ಒಂದು ಕಣ್ಣಿಗೆ ಸುತ್ತಿಕೊಂಡ. ಜಗಲಿ ಮೇಲೆ ಕೂತಿದ್ದವರಿಗೆಲ್ಲಾ ತೋರಿಸಿದ.

"ನೋಡ್ರಪ್ಪೋ, ಕೊಳ್ಳೇಗಾಲದ ಸಾವ್ಕಾರ್ರು ನನ್ ಕಣ್ಗೆ ಇನ್ಸೂರ್ ಮಾಡ್ಸವ್ರೆ! ಇನ್ನೊಂದ್ ಕಣ್ಣು ನನ್ ಎಂಡ್ತಿ ನೋಡಾಕೆ ಬುಟ್ಟವ್ರೆ!"

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

24-10-1964

ಹನೂರು ಬಸ್ಸಿನ ಕಂಡಕ್ಟರು ಚಿಕ್ಕಮಾದಪ್ಪ ಹೇಳಿದ — "ನಿಮ್ ಆಚಾರಿ ಕಾಮಗೆರೆ ಆಸ್ಪತ್ರೆ ಮುಂದೆ ಕೂತಿದ್ದ ಸಾ, ಮೊಖಕ್ಕೆ ಬಟ್ಟೆ ಇಟ್ಕಂಡು."

ಕೈಲಿದ್ದ ಗರಗಸ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಚಪ್ಪಲಿ ಇಲ್ಲದೆ ಬಸ್ ಹತ್ತಿದೆ. ದಾರಿಯೆಲ್ಲಾ ಒಂದೇ — ಅವನ ಮಕ್ಕಳ ಮುಂದೆ ಹೆಂಗೆ ನಿಲ್ಲೋದು. ಕಣ್ಣಿಗೆ ಏನು ಕೊಟ್ಟರೆ ಸರಿಹೋಗುತ್ತೆ.

ಹಲ್ಲು ನೋವು. ದವಡೆ ಊದಿತ್ತು. ನನ್ನ ಕಾಲು ನೋಡಿ "ಚಪ್ಲಿ ಎಲ್ಲಿ ಸಾಮಿ" ಅಂದ, ಬಟ್ಟೆ ಒಳಗಿಂದಲೇ.

ಮಾದೇಶ್ವರಾ ಅಂತ ಕೈ ಮುಗಿದೆ. ಅದನ್ನೂ ನೋಡಿ ನಕ್ಕ.

1-11-1964

ಹೊಸ್ತಿಲು ಕೂತಿದೆ. ಹದ ಇಳಿಸಿ ಕೊಡ್ತೀನಿ ಅಂತ ಹೋಗಿ ಬಾಚಿ ತಂದೆ. ಮಾತಿಗೆ ತಪ್ಪಲಿಲ್ಲ, ಅಷ್ಟು ಹೇಳಬೇಕು.

ಗಂಟನ್ನ ಅದರಲ್ಲೇ ಕೆತ್ತಿದ್ದಾನೆ. ಬಾಯಿ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಕೂದಲೆಳೆ ಬಿರುಕೂ ಇಲ್ಲ. "ಎಲ್ಲಿ ಸಿಡೀತು?" ಅಂದ. ಇನ್ನೊಂದು ಗಂಟಿಗೆ ಸಿಡಿಯುತ್ತಿತ್ತು ಅಂದೆ. ನನ್ನ ಮಾತು ನನಗೇ ಪೊಳ್ಳು ಅನ್ನಿಸಿತು.

2-11-1964

ಬೆಳಿಗ್ಗೆ ಒಳ್ಳೆ ಬೆಳಕು. ಬಾಯಿ ಉಜ್ಜಿ ಕನ್ನಡಿ ಮಾಡಿ ಕೆಂಡದ ಮೇಲೆ ಹಿಡಿದೆ. ಮೊದಲು ಹಾಲಿನ ಕೆನೆ ಬಣ್ಣ, ಆಮೇಲೆ ತುಪ್ಪದ್ದು. ತಕ್ಷಣ ನೀರಿಗೆ ಅದ್ದಿದೆ. ಸರಿಯಾದ ಹದ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಹಿಡಿಗೆ ಎಣ್ಣೆ ಕುಡಿಸಿ, ನಾನೇ ತಗೊಂಡು ಹೋಗಿ ಅವನ ಕೈಗೆ ಕೊಟ್ಟು ಬಂದೆ.

ಹೊಟ್ಟೆ ತುಂಬಾ ಉಂಡೆ. ಎಷ್ಟು ದಿನ ಆಗಿತ್ತು.

20-11-1964

ಸಿದ್ದಾಚಾರಿ ಬಂದ. ನಗು ಇಲ್ಲ.

"ಏನ್ ಮಾಡಿದ್ರಿ ಇದ್ಕೆ? ಮದ್ಲು ವಾರುಕ್ಕೊಂದ್ಸಲ ಮಸೀತಿದ್ದೆ. ಈಗ ದಿನಾ ಮಸೀಬೇಕು. ಚೆನ್ನಾಗಿದ್ದುದ್ನ ಈಸ್ಕಂಡೋಗಿ ಕೆಡಿಸ್ಕೊಟ್ರಲ್ಲ."

ಮಸೆಯೋದು ಜಾಸ್ತಿ ಬೇಕು ನಿಜ, ಆದರೆ ಇದು ಒಡೆಯಲ್ಲ ಅಂದೆ.

"ಅದೂ ಒಡೀನಿಲ್ವಲ್ಲ!"

ಎಷ್ಟು ಹೇಳಿದರೂ ಅಲ್ಲಿಗೇ ಬಂದು ನಿಲ್ಲುತ್ತೆ ಮಾತು. ಒಡೀಲಿಲ್ಲ. ಒಡೀಲಿಲ್ಲ. ಮತ್ತೆ ಮೊದಲಿನಂಗೆ ಮಾಡಿಕೊಡಿ ಅಂದ. ಆಗಲ್ಲ ಅಂದೆ. ಬಾಚಿ ಅಲ್ಲೇ ಮಣ್ಣಲ್ಲಿ ಬಿಟ್ಟು ಹೋದ.

30-11-1964

ಮಧುವನಹಳ್ಳಿಯವರು ಕೊಂಡಿದ್ದ ಎರಡು ಉಳಿ ವಾಪಸ್ ತಂದು ಹಾಕಿದರು. ಕೀಸುಳೀನೂ ಬಂತು. "ನೀವು ಒಳ್ಳೆ ಮಾಲ್ನ ಆಮೇಲ್ ಈಸ್ಕಂಡು ಮೆತ್ಗೆ ಮಾಡ್ಬುಡ್ತೀರಂತೆ." ಕಾಮಗೆರೆ ಜಗಲಿ ಮಾತು ಊರೂರಿಗೆ ಹೋಗಿದೆ. ಹೊಸದಾಗಿ ಕೇಳೋರು ಒಬ್ಬರೂ ಇಲ್ಲ.

ಪುಟ್ಟಮಲ್ಲಮ್ಮ ಅನ್ನ ಇಕ್ಕೋವಾಗ "ಸುಮ್ನಿದ್ದಿದ್ರೆ ಆಗಿರದು" ಅಂದಳು. ಮೆಲ್ಲಗೆ ಅಂದಳು. ಅದೇ ಜಾಸ್ತಿ ನೋವಾಯ್ತು.

13-12-1964

ಕುಲುಮೆ ಕಿತ್ತರು. ಸಂಕ್ರಾಂತಿವರೆಗೂ ಕಾಯಲಿಲ್ಲ ಅಣ್ಣ. ಎತ್ತು ಕಟ್ಟೋ ಗೊಂತಿಗೆ ಗೂಟ ಹೊಡೀಬೇಕಲ್ಲ, ಸಿದ್ದಾಚಾರಿಯನ್ನೇ ಕರೆಸಿದ್ದ. ಅವನು ಬೇರೆ ಯಾವುದೋ ಬಾಚೀಲಿ ಗೂಟ ಕೆತ್ತುತ್ತಾ ಕೂತಿದ್ದ, ನನ್ನ ಜಾಗದಲ್ಲೇ. ಅಣ್ಣ "ನಿನ್ ಕಣ್ಣು ಉಸಾರು ಕಣಯ್ಯಾ ಆಚಾರಿ" ಅಂದ. ಇಬ್ಬರೂ ನಕ್ಕರು.

ಆಚಾರಿ ತಲೆ ಎತ್ತಿ ನನ್ನ ಕಡೆ ನೋಡಿದ. ಎರಡು ಕಣ್ಣು. ಚೆನ್ನಾಗಿ ಹೊಳೀತಿದ್ವು. ಇವು ಉಳಿಯಲಿ ಅಂತ ಬರಿಗಾಲಲ್ಲಿ ಓಡಿದ್ದು ನಾನೇ. ಈಗ ನೋಡೋಕಾಗಲಿಲ್ಲ. ಆ ಗಂಟಿನ ಮೇಲೆ ಆವತ್ತು ಒಂದೇ ಒಂದು ಚೂರು ಸಿಡಿದಿದ್ದರೆ... ಒಂದು ಕಣ್ಣಾದರೂ...