ವರ್ಧಾ ರಸ್ತೆಯ ಮೂರನೆಯ ಮಳಿಗೆ

ನವೆಂಬರ್ ೧೨, ಬುಧವಾರ

ನಲ್ಲಿ, ಟೈಲ್ಸ್, ಬಾಗಿಲು, ಬಣ್ಣ ಎಲ್ಲ ಮಾರುವ ಆ ವಿದೇಶಿ ಕಂಪನಿ ನಾಗಪುರದಲ್ಲಿ ಇಂದು ಮೂರನೆಯ ಮಳಿಗೆ ತೆರೆಯಿತು. ಮೊದಲನೆಯದು ಬಂದಾಗ ನಾನು ನಕ್ಕಿದ್ದೆ.

ಸುಮ್ಮನೆ ನೋಡಿ ಬರಲು ಹೋದೆ. ನಲ್ಲಿಗಳ ಸಾಲಿನಲ್ಲಿ ಕಂಪನಿಯ ಹಸಿರು ಅಂಗಿ ತೊಟ್ಟು ಕಾಶೀನಾಥ ನಿಂತಿದ್ದ. ಹತ್ತೊಂಬತ್ತು ವರ್ಷ ಇತವಾರಿ ಪೇಟೆಯ ನಮ್ಮ ನಲ್ಲಿ-ಪೈಪಿನ ಅಂಗಡಿಯಲ್ಲಿದ್ದು, ಹೋದ ತಿಂಗಳು ಮಂಡಿನೋವೆಂದು ಕೆಲಸ ಬಿಟ್ಟವನು. ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು.

“ಬಾಯಾರ, ಇಲ್ಲಿ ಸಾಮಾನು ತಿಳಿದವ್ರು ಬೇಕಾಗ್ಯಾರ. ನಿಮ್ಮ ಹೆಸರು ಹೇಳ್ಲೇನ್ರಿ?” ಎಂದ ಮೆಲ್ಲಗೆ.

ಅದರಲ್ಲಿ ಅಣಕವಿರಲಿಲ್ಲ, ಮರುಕವಿತ್ತು. ನಮ್ಮ ಅಂಗಡಿ ಉಳಿಯುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿದೆ. ಮನೆಯವರಿಗೆ ಹೇಳಿಲ್ಲ, ಹೇಗೆ ಹೇಳಲಿ?

ಅವನಿಗೆ ಬೇಡವೆನ್ನಲೆಂದೇ ಬಾಯಿ ತೆರೆದಿದ್ದೆ. ಹೊರಬಂದ ಮಾತು, “ಅರ್ಜಿ ಹಾಕಾಕ ಎಷ್ಟು ದಿನ ಟೈಮ್ ಐತಿ, ಕಾಶೀನಾಥ?”