ಏಕವಚನದ ಪಾಠ

ಮಾರ್ಚ್ 3, ಸೋಮವಾರ. ಸಂಜೆ 6

ಅಲ್ಲಿಯ ಭಾಷೆ ಕಲಿತು ವಿದೇಶಕ್ಕೆ ಹಾರಲು ಹೊಸ ಬ್ಯಾಚು. ಐದು ಜನ. ಇಬ್ಬರು ನರ್ಸುಗಳು, ಒಬ್ಬ ವೆಲ್ಡರ್, ಪಿಎಚ್‌ಡಿಗೆ ಹೊರಟ ಒಬ್ಬ ಮಹಾಶಯ — ಎಲ್ಲ ಬಲ್ಲವನು, ಕಲಿಯುವುದೊಂದು ಬಾಕಿ. ಐದನೆಯವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಂಡ ಅಲ್ಲಿದ್ದಾನಂತೆ, ಏಪ್ರಿಲ್ 11ಕ್ಕೆ ವೀಸಾ ಇಂಟರ್ವ್ಯೂ. ಬಂದವಳೇ ನನ್ನ ಕನ್ನಡಕದ ಸಡಿಲ ಸ್ಕ್ರೂ ಬಿಗಿ ಮಾಡಿಕೊಟ್ಟಳು. ಒಳ್ಳೆಯ ಹುಡುಗಿ ಅಂದುಕೊಂಡೆ.

ಎಲ್ಲರೂ ಹೋದ ಮೇಲೆ ಫಾರ್ಮುಗಳನ್ನು ಫೈಲಿಗೆ ಹಾಕುತ್ತಿದ್ದೆ. ಅವಳು ಹೋಗಿ ಇರಬೇಕಾದ ವಿಳಾಸ... ಅದೇ ರಸ್ತೆ. ಅದೇ ನಂಬರು. ಮೂರನೇ ಮಹಡಿ, ಎಡಗಡೆಯ ಬಾಗಿಲು. ಗಂಡನ ಹೆಸರು ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದೆ.

ಆ ಮನೆಯ ಕಿಟಕಿಗಳನ್ನು ನಾಲ್ಕು ವರ್ಷ ಒರೆಸಿದವಳು ನಾನು.

ಮಾರ್ಚ್ 4

ಮೈಯೆಲ್ಲ ಉರಿ. ಪಾಠ ಕ್ಯಾನ್ಸಲ್ ಮಾಡಿದೆ.

ಹನ್ನೊಂದು ವರ್ಷದ ಹಿಂದೆ ಅಲ್ಲಿಯ ಯಾವುದೋ ಆಫೀಸಿನಲ್ಲಿ ಅವನು ನನ್ನ ಮುಂದೆ ಒಂದು ಕಾಗದ ಇಟ್ಟ. “ವೀಸಾ ರಿನ್ಯೂವಲ್. ಓದೋಕೇನಿಲ್ಲ, ಸಹಿ ಹಾಕು ಸಾಕು.” ಹಾಕಿದೆ. ಹಾಲು, ಬ್ರೆಡ್ಡು, ಥ್ಯಾಂಕ್ಸ್ ಬಿಟ್ಟರೆ ಆ ಭಾಷೆಯಲ್ಲಿ ನನಗೆ ಏನೂ ಬರುತ್ತಿರಲಿಲ್ಲ. ಕಲಿಯಲು ಅವನು ಬಿಟ್ಟಿರಲೂ ಇಲ್ಲ. ಆಮೇಲೆ, ಎರಡು ತಿಂಗಳು ಅಮ್ಮನ ಮನೆಯಲ್ಲಿ ಇದ್ದು ಬಾ ಎಂದು ಅವನೇ ವಿಮಾನ ಹತ್ತಿಸಿದ. ನಾನು ಸಹಿ ಹಾಕಿದ್ದು ವಿಚ್ಛೇದನಕ್ಕೆ ಎಂದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ, ಪೋಸ್ಟಿನಲ್ಲಿ.

ಆ ಒಂದು ಹಾಳೆ ಓದುವುದಕ್ಕೆಂದೇ ಭಾಷೆ ಕಲಿತೆ. ಹಲ್ಲು ಕಚ್ಚಿ ಕಲಿತೆ. ಈಗ ಅದೇ ನನಗೆ ಅನ್ನ ಹಾಕುತ್ತಿದೆ. ನೋಡಿದವರು ಸಾಧನೆ ಅನ್ನುತ್ತಾರೆ. ಸಾಧನೆಯಲ್ಲ, ಹಗೆ.

ಮಾರ್ಚ್ 6

ಹೊಸಬಳಿಗೆ — ಹಾಗೇ ಕರೆಯುತ್ತೇನೆ, ಇಲ್ಲಿಗೂ ಹೊಸಬಳು, ಆ ಮನೆಗೂ — ಬೇರೆ ಟೈಮ್ ಕೊಟ್ಟೆ. ಒಬ್ಬಳಿಗೇ ಪಾಠ. ಸ್ಪೆಷಲ್ ಕೋಚಿಂಗ್ ಎಂದು ಹಿಗ್ಗಿಹೋದಳು.

ಆ ಭಾಷೆಯಲ್ಲೂ ನಮ್ಮ ಹಾಗೆ ‘ನೀನು’ ಬೇರೆ, ‘ನೀವು’ ಬೇರೆ. ಮರ್ಯಾದೆಯ ವಿಷಯಕ್ಕೆ ಬಂದರೆ ಅವರು ನಮಗಿಂತ ಒಂದು ಕೈ ಮೇಲೆ. ಇವಳಿಗೆ ಏಕವಚನ ಮಾತ್ರ ಹೇಳಿಕೊಡುತ್ತಿದ್ದೇನೆ. ಇನ್ನೊಂದು ಇದೆ ಎಂದೇ ಬಾಯಿ ಬಿಟ್ಟಿಲ್ಲ. ಪುಸ್ತಕ ಮುಟ್ಟಬೇಡ, ನಾನು ಹೇಳಿದ್ದನ್ನು ಬಾಯಿಪಾಠ ಮಾಡು ಎಂದಿದ್ದೇನೆ. ವೀಸಾ ಅಧಿಕಾರಿಗೆ “ಏನಯ್ಯಾ, ಹೇಗಿದೀಯ? ನನ್ನ ಫೈಲ್ ನೋಡು” ಎನ್ನಲಿ. ರಿಜೆಕ್ಟ್ ಆದರೆ ಆರು ತಿಂಗಳು ಮತ್ತೆ ಅರ್ಜಿ ಹಾಕುವಂತಿಲ್ಲ. ಅಲ್ಲಿಯವರೆಗೆ ಕಿಟಕಿ ಅವನೇ ಒರೆಸಿಕೊಳ್ಳಲಿ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ.

ಅಕ್ಷರಗಳನ್ನು ಮಾತ್ರ ಸರಿಯಾಗಿಯೇ ಕಲಿಸುತ್ತಿದ್ದೇನೆ. ಅದರಲ್ಲೂ ಮೋಸ ಮಾಡಲು ಮನಸ್ಸು ಬರಲಿಲ್ಲ. ಧೈರ್ಯ ಬರಲಿಲ್ಲ ಅಂತಲೂ ಇರಬಹುದು.

ಮಾರ್ಚ್ 19, ಬುಧವಾರ

ಚುರುಕು ಹುಡುಗಿ. ಹೇಳಿದ್ದನ್ನು ಹಾಗೆಯೇ ಹಿಡಿದುಕೊಳ್ಳುತ್ತಾಳೆ. ಅದೇ ನನಗೆ ಅನುಕೂಲ.

ಇವತ್ತು ಸಾಮಾನಿನ ಪಟ್ಟಿ ತಂದಿದ್ದಳು. ಎರಡು ಸೂಟ್‌ಕೇಸು, ಅಷ್ಟರಲ್ಲೇ ಎಲ್ಲ ಹಿಡಿಸಬೇಕು. ದಪ್ಪ ಕೋಟು ಬೇಕಾ ಅಕ್ಕ ಎಂದಳು. ಮೇಡಂ ಹೋಗಿ ಯಾವಾಗ ಅಕ್ಕ ಆದೆನೋ. ಬೇಡ, ಸುಮ್ಮನೆ ಭಾರ ಎಂದೆ. ನಡುಗಲಿ.

ಭಾಷೆ ಜಾಸ್ತಿ ಕಲಿಯುವುದು ಬೇಡ, ಇಂಟರ್ವ್ಯೂ ಮುಗಿದರೆ ಸಾಕು, ಇಲ್ಲಿ ನಾನಿದ್ದೇನಲ್ಲ ಎಂದು ಗಂಡ ಹೇಳಿದ್ದಾನಂತೆ. ಪ್ರೀತಿ ಅಂದುಕೊಂಡಿದ್ದಾಳೆ. ನಾನೂ ಅಂದುಕೊಂಡಿದ್ದೆ.

ಏಪ್ರಿಲ್ 8, ಮಂಗಳವಾರ. ಮಧ್ಯಾಹ್ನ

ಹೊಸಬಳು ಈಗಷ್ಟೇ ಹೋದಳು. ಆದಷ್ಟು ಬರೆಯುತ್ತೇನೆ.

ಒಂದು ಪ್ರಿಂಟೌಟ್ ತಂದಿದ್ದಳು. ಇನ್ಶೂರೆನ್ಸ್ ಪೇಪರಂತೆ, ಅವನು ಇಮೇಲ್ ಮಾಡಿದ್ದು. ಸಹಿ ಹಾಕಿ ಬರುವಾಗ ತರಬೇಕಂತೆ. ಯಾವ ಗೆರೆಯ ಮೇಲೆ ಹಾಕಬೇಕು ಎಂದು ಕೇಳಲು ಬಂದಳು, ಅಷ್ಟೇ.

ಅದೇ ಹಾಳೆ. ಒಂದು ಪದವೂ ಬದಲಾಗಿಲ್ಲ. ತಾರೀಖಿನ ಜಾಗ ಮಾತ್ರ ಖಾಲಿ. ಅದನ್ನು ತಾನೇ ಹಾಕಿಕೊಳ್ಳುತ್ತಾನಂತೆ. ಹುಡುಗಿ ಇನ್ನೂ ವಿಮಾನ ಹತ್ತಿಲ್ಲ, ಹೊರಗೆ ಹಾಕುವ ಕಾಗದ ರೆಡಿ. ನನ್ನ ಕಾಲದಲ್ಲಿ ಆಫೀಸಿಗೆ ಕರೆದುಕೊಂಡು ಹೋಗುವ ಕಷ್ಟವನ್ನಾದರೂ ಪಟ್ಟಿದ್ದ.

ಹೇಳಿಬಿಟ್ಟೆ. ನಾನು ಯಾರು, ಇದು ಏನು, ಎಲ್ಲ. ಹೇಳುವ ಭರದಲ್ಲಿ ಏಕವಚನದ ವಿಷಯವೂ ಬಾಯಿಂದ ಬಂತು. ಅವಳು ಅಳಲಿಲ್ಲ. ಪ್ರಿಂಟೌಟನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಐದು ವಾರ ಬೇಕು ಅಂತಲೇ ತಪ್ಪು ಕಲಿಸಿದ್ರಿ. ಇವತ್ತು ಹೇಳ್ತಿರೋದು ನಿಜ ಅಂತ ಹೇಗೆ ನಂಬಲಿ?”

ಪೆಟ್ಟಿಗೆಯಿಂದ ನನ್ನ ಹಾಳೆ ತೆಗೆದು ಕೊಟ್ಟೆ.

“ಇದರಲ್ಲಿ ಏನಿದೆ ಅಂತಾನೂ ನೀವೇ ತಾನೆ ಹೇಳ್ಬೇಕು?”

ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಹೋದಳು.

ಏಪ್ರಿಲ್ 9

ಅವಳಿಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅಂಗಡಿಗೆ ಹೋದೆ, ರಜೆಯಂತೆ.

ಕತ್ತಿ ಮಸೆದದ್ದು ಅವನ ಮೇಲೆ. ಅವನಿಗೆ ಒಂದು ಗೀರೂ ಆಗಿಲ್ಲ. ಸಹಿ ಬಿದ್ದರೆ ಎರಡನೇ ಸಲವೂ ಅವನೇ ಗೆದ್ದ, ಅದೂ ನನ್ನ ದಯೆಯಿಂದ. ಥೂ.

ಏಪ್ರಿಲ್ 10, ಗುರುವಾರ. ಬೆಳಿಗ್ಗೆ 11

ಬಂದಿದ್ದಾಳೆ. ಚಪ್ಪಲಿ ಬಿಡುತ್ತಲೇ ಹೇಳಿದಳು, “ನೀವು ಏನೂ ಹೇಳ್ಬೇಡಿ. ಡಿಕ್ಷನರಿ ಕೊಡಿ.”

ಕೊಟ್ಟೆ. ಮೇಜಿನ ಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟುಕೊಂಡಿದ್ದಾಳೆ. ಅವಳ ಹಾಳೆಯಲ್ಲಿ ಸಹಿಯ ಗೆರೆ ಇನ್ನೂ ಖಾಲಿ. ನಾಳೆ ಇಂಟರ್ವ್ಯೂಗೆ ಹೋಗುವುದೋ ಬಿಡುವುದೋ ಓದಿದ ಮೇಲೆ ನೋಡುತ್ತಾಳಂತೆ. ಮಾತಾಡುವಂತಿಲ್ಲ, ಅದಕ್ಕೇ ಎದುರು ಕೂತು ಇದನ್ನು ಬರೆಯುತ್ತಿದ್ದೇನೆ.

ಒಂದೊಂದೇ ಅಕ್ಷರ ಕೂಡಿಸುತ್ತಾಳೆ, ಪುಟ ತಿರುವುತ್ತಾಳೆ, ಮತ್ತೆ ಹಾಳೆಗೆ ಬರುತ್ತಾಳೆ. ಒಂದು ಸಾಲಿಗೆ ಇಪ್ಪತ್ತು ನಿಮಿಷ. ಕ್ಷಮೆ ಗಿಮೆ ನನಗೆ ಬೇಡ. ಆ ಕಾಗದ ಸಹಿ ಇಲ್ಲದೆ ವಾಪಸ್ ಅವನ ಕೈಗೆ ಹೋಗಬೇಕು. ಅವನು ಅದನ್ನು ಬಿಚ್ಚಿ ನೋಡಬೇಕು.

ಮೂರನೇ ಸಾಲು. ಬೆರಳು ನಿಂತಿತು. ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಳು: “ನನ್ನ... ಸ್ವಂತ ಇಚ್ಛೆಯಿಂದ.”

ನನ್ನ ಹಾಳೆಯ ಮೂರನೇ ಸಾಲನ್ನೂ ನೋಡಿದಳು. ಕೆಳಗಿರುವ ನನ್ನ ಸಹಿಯನ್ನೂ.

ಮುಖ ಕೆಂಪಾಗಿದೆ. ಪೆನ್ನು ಕೇಳುತ್ತಿದ್ದಾಳೆ. ಸಹಿಯ ಜಾಗದಲ್ಲಿ ಅವನಿಗೆ ಒಂದು ಮಾತು ಬರೆಯಬೇಕಂತೆ, ಆ ಭಾಷೆಯಲ್ಲೇ, ನಾನು ಕಲಿಸಿದ ಏಕವಚನದಲ್ಲೇ. ಮನೆಯಲ್ಲಿ ನೆಟ್ಟಗೆ ಬರೆಯುವ ಪೆನ್ನು ಇದೊಂದೇ, ಕೊಡು—