ಎಡಗಾಲಿನ ಗೆರೆ

ಪ್ರಾಸ ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದ ನನ್ನ ಅಪ್ಪನಿಗೆ,

ನಿನಗೆ ಈ ಸುದ್ದಿ ಹೇಳದೆ ನನಗೆ ಊಟ ಸೇರುತ್ತಿಲ್ಲ. ನಿನ್ನ ಮೊಮ್ಮಗಳು ಸಹನಾಳ ಬೆನ್ನಿನ ಆಪರೇಷನ್ ಆಯಿತು. ಹೌದು, ನೀನು ಇರುವ ತನಕ ಬೇಡವೆಂದ ಅದೇ ಆಪರೇಷನ್. ಸಿಟ್ಟಾಗಬೇಡ, ಪೂರ್ತಿ ಓದು.

ನವನಗರದ ದವಾಖಾನೆಯಿಂದ ನೀನು ಎದ್ದು ಬಂದ ದಿನ ನೆನಪಿದೆಯೇ? ಹುಡುಗಿಯ ಬೆನ್ನೆಲುಬು ಪಕ್ಕಕ್ಕೆ ಬಾಗುತ್ತಿದೆ, ಬೆಳೆದಂತೆಲ್ಲ ಇನ್ನೂ ಬಾಗುತ್ತದೆ, ಸರಳು ಹಾಕಿ ನೆಟ್ಟಗೆ ಮಾಡೋಣ ಎಂದು ಡಾಕ್ಟರು ಹೇಳುತ್ತಿದ್ದರು. ನೀನು ಕೇಳಿದ್ದು ಒಂದೇ ಮಾತು. "ಬೆನ್ನು ನೆಟ್ಟಗ ಮಾಡೂಮುಂದ ಕಾಲು ಹೋದ್ರ, ನಿಮಗ ಯಾವಾಗ ಗೊತ್ತಾಗತೈತ್ರಿ?" ಅವರು ಸುಳ್ಳು ಹೇಳದ ಮನುಷ್ಯ. "ಎಚ್ಚರಾದ ಮ್ಯಾಲ್ರಿ" ಎಂದುಬಿಟ್ಟರು. ನೀನು ಟವೆಲ್ಲು ಕೊಡವಿ ಹೊರಬಿದ್ದೆ. ಗುಳೇದಗುಡ್ಡದ ಬಸ್ಸಿನಲ್ಲಿ ನಿನ್ನನ್ನು ನಗಿಸಲು ನಾನೊಂದು ಪ್ರಾಸ ಶುರುಮಾಡಿದರೆ, ಮಗ್ಗದ ಮುಂದೆ ಗದರುವ ಹಾಗೆಯೇ, "ಪ್ರಾಸ ಸಾಕು, ಲಾಳಿ ಹಾಕು" ಎಂದೆ. ಅದೂ ಪ್ರಾಸವೇ ಅಪ್ಪಾ ಎನ್ನುವ ಧೈರ್ಯ ನನಗೆಲ್ಲಿ...

ನೀನು ಕಣ್ಣು ಮುಚ್ಚಿದ ಮರುಬೇಸಿಗೆಯಲ್ಲಿ ಸಹನಾಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಯಿತು. ಮತ್ತೆ ಅದೇ ಡಾಕ್ಟರು. ನಿನ್ನ ಪ್ರಶ್ನೆಯನ್ನೇ ಕೇಳಿದೆ. ಈಗ ಹೊಸ ಯಂತ್ರ ಬಂದಿದೆ, ಕೂಡಲೇ ಗೊತ್ತಾಗುತ್ತದೆ ಎಂದು ಶಾಹೀನ್ ಎಂಬಾಕೆಯನ್ನು ಕರೆದರು. ಇಳಕಲ್ಲಿನ ಹುಡುಗಿ, ಆಪರೇಷನ್ ನಡೆಯುವಷ್ಟು ಹೊತ್ತೂ ಆ ಯಂತ್ರದ ಮುಂದೆ ಕೂರುವುದೇ ಅವಳ ಕೆಲಸ. "ತಲಿಯಿಂದ ಸಣ್ಣ ಕರೆಂಟ್ ಬಿಡ್ತೀವ್ರಿ. ಬೆನ್ನಾಗಿನ ನರದ ಹುರಿ ಹಾದು ಅದು ಕಾಲಿಗೆ ಮುಟ್ಟಬೇಕು, ಕಾಲು ಓ ಅನ್ನಬೇಕು. ಅಂದ್ರ ಪರದೆ ಮ್ಯಾಲೆ ಗೆರಿ ಕುಣಿತೈತಿ. ಅನ್ನಲಿಲ್ಲ ಅಂದ್ರ ಸರ್ ಕೈ ಅಲ್ಲೇ ನಿಲ್ಲತೈತಿ." ಅಪ್ಪಾ, ಇಂಥದೊಂದು ಉತ್ತರ ನಿನಗೆ ಆವತ್ತೇ ಸಿಕ್ಕಿದ್ದರೆ?

ಆಪರೇಷನ್ ದಿನದ ಬೆಳಿಗ್ಗೆ ನಿನ್ನ ಹೆಂಡತಿ ಮಾಡಿದ್ದನ್ನು ಕೇಳು. ಹಿಂದಿನ ಸಂಜೆ ನರ್ಸು ಸಹನಾಳ ತಲೆ ತೊಳೆಸಿ, ಏನೂ ಹಚ್ಚಬಾರದೆಂದು ಹೇಳಿ ಹೋಗಿದ್ದಳು. ನಮ್ಮ ಮನೆಯಿಂದ ಒಣ ತಲೆಯಲ್ಲಿ ಯಾರಾದರೂ ಶುಭಕಾರ್ಯಕ್ಕೆ ಹೊರಟದ್ದುಂಟೇ? ಅವ್ವ ಚೀಲದಿಂದ ಕೊಬ್ಬರಿ ಎಣ್ಣೆ ತೆಗೆದು, ನೆತ್ತಿ ತೊಯ್ಯುವಂತೆ ತಿಕ್ಕಿ, ಎರಡು ಬಿಗಿಜಡೆ ಹೆಣೆದು ಕೂರಿಸಿದ್ದಳು. ತಂತಿ ಹಚ್ಚಲು ಬಂದ ಶಾಹೀನ್ ತಲೆ ಮುಟ್ಟಿ ನಿಂತೇಬಿಟ್ಟಳು.

"ಅಮ್ಮಾರ, ಇದರ ಮ್ಯಾಲೆ ಏನೂ ನಿಲ್ಲಂಗಿಲ್ಲರಿ."

"ನನ್ನ ಜಡಿ ನಿಂತಾವಲ್ಲವಾ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಅವ್ವ ನೀರು ಹಾಕಿದಳು, ಶಾಹೀನ್ ಉಜ್ಜಿದಳು, ಡಾಕ್ಟರು ಕಾದರು. ನಾನು ಎಣ್ಣೆ ಬಾಟಲಿ ಬಚ್ಚಿಟ್ಟೆ.

ಬಾಗಿಲ ಹೊರಗೆ ನಾನು ಕುಳಿತಿದ್ದಾಗ ಒಳಗೆ ಏನಾಯಿತೆಂಬುದನ್ನು ಆಮೇಲೆ ಚಹಾ ಕುಡಿಯುತ್ತ ಶಾಹೀನ್ ಹೇಳಿದಳು. ಸರಳು ಕೂರಿಸಿ ಬೆನ್ನು ನೆಟ್ಟಗೆ ಮಾಡುತ್ತಿದ್ದಂತೆ ಎಡಗಾಲಿನ ಗೆರೆ ಕುಗ್ಗಿತು. ಮತ್ತೆ ಕರೆಂಟ್ ಬಿಟ್ಟಳು. ಗೆರೆ ಮಲಗಿಯೇಬಿಟ್ಟಿತು. ತಂತಿಗಳೆಲ್ಲ ಸರಿಯಾಗಿವೆ, ಎಣ್ಣೆಯ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ. "ಸರ್, ಎಡಗಾಲು" ಎಂದಳಂತೆ, ಅಷ್ಟೇ. ಡಾಕ್ಟರು ಕೈ ನಿಲ್ಲಿಸಿದರು. ಬಿಗಿದದ್ದನ್ನು ಸಡಿಲಿಸಿದರು, ರಕ್ತದ ಒತ್ತಡ ಏರಿಸಲು ಹೇಳಿದರು, ಎಲ್ಲರೂ ಪರದೆ ನೋಡುತ್ತ ನಿಂತರು. ನಾನು ಆ ಹೊತ್ತಿಗೆ ಏನು ಮಾಡುತ್ತಿದ್ದೆನೋ, ಬಹುಶಃ ಆಕಳಿಸುತ್ತಿದ್ದೆ... ಗೆರೆ ಮೊದಲು ಸಣ್ಣಗೆ ಮಿಸುಕಿತಂತೆ. ಆಮೇಲೆ ಎದ್ದು ಕುಣಿಯಿತಂತೆ. ಡಾಕ್ಟರು ಮತ್ತೆ ಅಷ್ಟು ಬಿಗಿಯಲಿಲ್ಲ. ಕೊಂಚ ಬಾಗು ಉಳಿದಿದೆ. ಇರಲಿ, ಕೊಂಚ ಬಾಗಿದರೇನು, ಬೇಗ ಸಾಗಿದರೆ ಸಾಲದೇನು? ಬೈಯಬೇಡ, ಪ್ರಾಸ ತಾನೇ ಬಂತು.

ಎಚ್ಚರವಾದಾಗ ಡಾಕ್ಟರು ಕಾಲು ಆಡಿಸು ಎಂದರು. ನಿನ್ನ ಮೊಮ್ಮಗಳು ಕಣ್ಣು ಸಹ ಬಿಡದೆ, "ಯಾವ ಕಾಲ್ರಿ?" ಎಂದಳು. ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಬೆರಳು ಆಡಿದವು ಅಪ್ಪಾ, ಎರಡೂ ಕಾಲಿನವು.

ನಿನ್ನೆ ಸಹನಾ ಮತ್ತೆ ಶಾಲೆಗೆ ಹೊರಟಳು. ಈಗ ಅವ್ವನಿಗಿಂತ ಎತ್ತರ. ಎಲ್ಲಿ ಎಡವುತ್ತಾಳೋ ಎಂದು ನಾನೂ ಹಿಂದೆ ಹೊರಟೆ. ಓಣಿಯ ತಿರುವಿನಲ್ಲಿ ನಿಂತು, "ಅಪ್ಪಾ, ನೀ ಮನಿಗೆ ಹೋಗು. ನಾ ಹೋಗ್ತೇನಿ" ಎಂದಳು.

ಹೋದಳು. ಹಿಂದೆ ಓಡಿದ್ದರೂ ನನಗೆ ಸಿಗುತ್ತಿರಲಿಲ್ಲ.

ನಿನ್ನ ಮಗ